ಕಾರ್ಡ್ ಹೋಗಿರಲಿಲ್ಲ

ಕಾರ್ಡ್ ಹೋಗಿರಲಿಲ್ಲ, ವಾರಿಜಾ. ಅವತ್ತು ನಿನ್ನ ಕಂಪ್ಯೂಟರಿನ ಸೌಂಡ್ ಕಾರ್ಡ್ ಕೆಟ್ಟುಹೋಗಿದೆ ಎಂದು ನಾನು ಹೇಳಿದ್ದು ಸುಳ್ಳು. ಕಾರ್ಡ್ ಚೆನ್ನಾಗಿತ್ತು, ಹೆಡ್‌ಫೋನ್ ಚೆನ್ನಾಗಿತ್ತು. ಕೆಟ್ಟಿದ್ದು ನಿನ್ನ ಎಡಗಿವಿ. ಅದು ನನಗೆ ಗೊತ್ತಾಯಿತು— ನಿನಗಿಂತ ಮೊದಲು, ನಿನ್ನ ಅಪ್ಪನಿಗಿಂತ ಮೊದಲು, ಡಾಕ್ಟರಿಗಿಂತ ಐದು ತಿಂಗಳು ಮೊದಲು. ಗೊತ್ತಾಗಿಯೂ ಹೇಳಲಿಲ್ಲ. ಯಾಕೆಂದರೆ ಆ ಕಾರ್ಡ್ ನನಗೆ ಬೇಕಾಗಿತ್ತು.

ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಬರೆದರೆ ಇಷ್ಟೇ, ಆರೇಳು ಸಾಲು. ಇಲ್ಲಿಗೇ ನಿಲ್ಲಿಸಬಹುದು. ಆದರೆ ನಿಲ್ಲಿಸಿದರೆ ನೀನು ಕ್ಷಮಿಸಿಬಿಡುತ್ತೀಯ— ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ— "ಹೋಗ್ಲಿ ಮಾರಾಯ್ತಿ, ಮಕ್ಕಳಾಟಿಕೆ" ಅನ್ನುತ್ತೀಯ. ಮಕ್ಕಳಾಟಿಕೆ ಆಗಿರಲಿಲ್ಲ. ಇಬ್ಬರಿಗೂ ಹತ್ತೊಂಬತ್ತು ತುಂಬಿತ್ತು. ಪೂರ್ತಿ ಓದು.

ನೆನಪಿದೆಯಾ, ಮಾಟುಂಗದ ನಿಮ್ಮ ಹೋಟೆಲಿನ ಮೇಲಿನ ಕೋಣೆ? ಕಾಲೇಜು ಮುಗಿಸಿ ಇಬ್ಬರೂ ನೇರ ಅಲ್ಲಿಗೇ ಬರುತ್ತಿದ್ದೆವು. ಮಧ್ಯಾಹ್ನದ ಊಟದ ಗಲಾಟೆ ಮುಗಿದು, ನಾಲ್ಕು ಗಂಟೆಯ ಕಾಫಿಗೆ ಮತ್ತೆ ಬಾಗಿಲು ತೆರೆಯುವ ತನಕ ಕೆಳಗೆ ಒಂದು ಲೋಟದ ಸದ್ದೂ ಇರುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅಡುಗೆಭಟ್ಟರೂ ಸಪ್ಲೈಯರುಗಳೂ ಚಾಪೆ ಹಾಸಿ ಮಲಗಿರುತ್ತಿದ್ದರು. ಅವರ ನಿದ್ದೆ ಕೆಡಬಾರದೆಂದು ನಾವು ಸ್ಪೀಕರ್ ಹಾಕುತ್ತಿರಲಿಲ್ಲ, ಒಂದೇ ಹೆಡ್‌ಫೋನನ್ನು ಸರದಿಯ ಮೇಲೆ ಹಾಕಿಕೊಂಡು ಆಡುತ್ತಿದ್ದೆವು. ಆ ಹೆಡ್‌ಫೋನ್ ಇರದಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

ಕಂಪ್ಯೂಟರ್ ನಿನ್ನದು, ವಿದ್ಯೆ ನನ್ನದು. ಆಂಟಾಪ್ ಹಿಲ್ ಸರ್ಕಾರಿ ಕ್ವಾರ್ಟರ್ಸಿನ ಗುಮಾಸ್ತರ ಮಗಳಿಗೆ ಬೇರೆ ಯಾವ ಜಂಬ ಇರಬೇಕು ಹೇಳು! ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ, ಮನೆಯಲ್ಲಿ ಆ ಕ್ಲಾಸಿನವರೇ ಕೊಟ್ಟ ಓಬೀರಾಯನ ಕಾಲದ ಮಷೀನೊಂದಿತ್ತು. ಹೊಸ ಆಟ ಹಾಕಿದರೆ ಸಾಕು, ನಿನ್ನ ಪರದೆಯ ಮೇಲೆ "ಮೆಮೊರಿ ಸಾಲದು" ಎಂದು ಬಂದು ಕೂರುತ್ತಿತ್ತು. ಮಷೀನಿನಲ್ಲಿ ಎಷ್ಟೇ ಮೆಮೊರಿ ಇರಲಿ, ಅದನ್ನು ನಡೆಸುವ ಡಾಸ್ ಎಂಬ ಆ ಪುಣ್ಯಾತ್ಮ ಮಾತ್ರ ಆರುನೂರ ನಲವತ್ತು ಕೆಬಿಯೊಳಗೇ ಸಂಸಾರ ಮಾಡು ಅನ್ನುತ್ತಿದ್ದ. ನಾನು ಸ್ಟಾರ್ಟ್ ಆಗುವಾಗಿನ ಎರಡು ಫೈಲುಗಳನ್ನು ತೆರೆದು, ಮೌಸಿನ ಪ್ರೋಗ್ರಾಮನ್ನು ಮೇಲಿನ ಮೆಮೊರಿಗೆ ತಳ್ಳಿ, ಬೇಡದ್ದನ್ನು ಕಿತ್ತುಹಾಕಿ, ಅಡುಗೆಮನೆಯ ಶೆಲ್ಫಿನಲ್ಲಿ ಡಬ್ಬಿಗಳನ್ನು ಜರುಗಿಸಿ ಜಾಗ ಮಾಡುವ ಹಾಗೆ ಜಾಗ ಮಾಡಿಕೊಡುತ್ತಿದ್ದೆ. ಸೌಂಡ್ ಬರದಿದ್ದರೆ ಕಾರ್ಡಿನ ನಂಬರನ್ನು ಏಳರಿಂದ ಐದಕ್ಕೆ ಬದಲಾಯಿಸುತ್ತಿದ್ದೆ. ಆಟ ಶುರುವಾದ ಕೂಡಲೇ ನೀನು ನನ್ನ ಬೆನ್ನಿಗೆ ಗುದ್ದುತ್ತಿದ್ದೆ. ನಿನ್ನ ಅಪ್ಪ ನನ್ನನ್ನು ಎಂಜಿನಿಯರಮ್ಮ ಎಂದೇ ಕರೆಯುತ್ತಿದ್ದರು, ನಾನು ಉಬ್ಬಿ ಹೋಗುತ್ತಿದ್ದೆ.

ನಿನ್ನ ಮಾಮ ದುಬೈಯಿಂದ ಆ ಹೊಸ ಕಾರ್ಡ್ ತಂದುಕೊಟ್ಟ ದಿನ ಮಾತ್ರ ನನ್ನ ಹೊಟ್ಟೆ ಉರಿಯಿತು. ಉರಿಯಿತು ಅಂದರೆ ನಿಜವಾಗಿ ಉರಿಯಿತು ಕಣೇ. ಎಡಕ್ಕೊಂದು ಬಲಕ್ಕೊಂದು ಸದ್ದನ್ನು ಬೇರೆ ಬೇರೆಯಾಗಿ ಕೊಡುವ ಕಾರ್ಡ್ ಅದು. ನನ್ನ ಮನೆಯದ್ದು ಹಳೆಯದು, ಎಲ್ಲವನ್ನೂ ಒಟ್ಟು ಸೇರಿಸಿ ಎರಡು ಕಿವಿಗೂ ಒಂದೇ ಸದ್ದು ಕೊಡುತ್ತಿತ್ತು. ನೆಲಮಾಳಿಗೆಯಲ್ಲಿ ಪ್ರಾಣಿಗಳಿಂದ ತಪ್ಪಿಸಿಕೊಳ್ಳುವ ಆ ಆಟವನ್ನು ನಿನ್ನ ಕಾರ್ಡಿನಲ್ಲಿ ಆಡಿದಾಗ ಕತ್ತಲೆಯಲ್ಲಿ ಪ್ರಾಣಿ ಯಾವ ಕಡೆಯಿಂದ ಬರುತ್ತಿದೆ ಎಂದು ಅದರ ಹೆಜ್ಜೆಯ ಸದ್ದಿನಿಂದಲೇ ತಿಳಿಯುತ್ತಿತ್ತು. ಮನೆಗೆ ಹೋಗಿ ನನ್ನ ಮಷೀನಿನಲ್ಲಿ ಅದನ್ನೇ ಆಡಿದರೆ ಸಪ್ಪೆ. ಇದು ಸಿಕ್ಕಿದ್ದು ನಿನಗೆ— ಇದರ ಬೆಲೆ ಗೊತ್ತಿದ್ದದ್ದು ನನಗೆ— ಹೀಗೆಲ್ಲಾ ಯೋಚಿಸುತ್ತಿದ್ದೆ. ಎಂಥ ಯೋಚನೆ!

ಆಮೇಲೆ ನಿನಗೆ ಜ್ವರ ಬಂತು. ನಾಲ್ಕು ದಿನ ಮಲಗಿ ಎದ್ದೆ. ಎದ್ದ ಮೇಲೆ ಆಟದಲ್ಲಿ ಪದೇ ಪದೇ ಸಾಯತೊಡಗಿದೆ, ಪ್ರತಿ ಸಲವೂ ಎಡಗಡೆಯಿಂದ ಬಂದ ಪ್ರಾಣಿಯೇ ನಿನ್ನನ್ನು ತಿನ್ನುತ್ತಿತ್ತು. "ಈ ಕಡೆಯದ್ದು ಸೌಂಡೇ ಬರ್ತಾ ಇಲ್ಲ ಮಾರಾಯ್ತಿ, ನೋಡು ಒಮ್ಮೆ" ಎಂದು ಹೆಡ್‌ಫೋನ್ ಕೊಟ್ಟೆ. ನಾನು ಹಾಕಿಕೊಂಡೆ. ಕಾರ್ಡಿನ ಜೊತೆ ಬಂದಿದ್ದ ಪರೀಕ್ಷೆಯ ಪ್ರೋಗ್ರಾಮ್ ಓಡಿಸಿದೆ. ಮೊದಲು ಎಡಗಿವಿಯಲ್ಲಿ ಒಂದು ಗಂಟೆಯ ಸದ್ದು, ಆಮೇಲೆ ಬಲಗಿವಿಯಲ್ಲಿ ಒಂದು. ಎರಡೂ ಸ್ಪಷ್ಟವಾಗಿ ಕೇಳಿದವು.

ರಿಪೇರಿಯ ಮೊದಲ ಪಾಠ, ಅದಲುಬದಲು ಮಾಡಿ ನೋಡು ಎನ್ನುವುದು. ನಿನಗೆ ಗೊತ್ತಾಗದ ಹಾಗೆ ಹೆಡ್‌ಫೋನನ್ನು ತಿರುಗಿಸಿ ನಿನ್ನ ಕಿವಿಗಿಟ್ಟೆ. ಈಗ ಮೊದಲನೆಯ ಗಂಟೆ ನಿನ್ನ ಬಲಗಿವಿಗೆ ಬರಬೇಕು.

"ಯಾವುದು ಕೇಳಿಸ್ತು?" ಎಂದೆ.

"ಮೊದಲಿನದ್ದು ಕೇಳಿತು. ಎರಡನೆಯದ್ದು ಇಲ್ಲ."

ಹೆಡ್‌ಫೋನ್ ತಿರುಗಿತ್ತು, ದೋಷ ತಿರುಗಿರಲಿಲ್ಲ. ದೋಷ ನಿನ್ನ ಎಡಗಡೆಯೇ ಇತ್ತು. ಅಂದರೆ—

ಅಂದರೆ ಏನು ಎಂದು ನನಗೆ ಆ ಕ್ಷಣವೇ ಹೊಳೆಯಿತು. ಇಷ್ಟು ವರ್ಷ ನನಗೆ ನಾನೇ ಬೇರೆ ಬೇರೆ ಕಥೆ ಹೇಳಿಕೊಂಡಿದ್ದೇನೆ. ನೆಗಡಿಗೆ ಕಟ್ಟಿದೆ, ಎರಡು ದಿನಕ್ಕೆ ಬಿಟ್ಟೀತು ಅಂದುಕೊಂಡಿದ್ದೆ ಎಂದು. ಚಿಕ್ಕವಳು, ಕಿವಿಯ ವಿಷಯ ನನಗೇನು ಗೊತ್ತು ಎಂದು. ಅದೆಲ್ಲ ಆಮೇಲೆ ಕಟ್ಟಿಕೊಂಡದ್ದು. ಆ ಕ್ಷಣ ನನ್ನ ತಲೆಯೊಳಗೆ ಇದ್ದದ್ದು ಎರಡೇ. ಇವಳ ಕಿವಿ ಕೇಳಿಸುತ್ತಿಲ್ಲ. ಇವಳಿಗೆ ಈ ಕಾರ್ಡ್ ಇನ್ನು ಯಾತಕ್ಕೆ.

ಹೌದು, ಹಾಗೆಯೇ ಯೋಚಿಸಿದೆ.

ಅಷ್ಟರಲ್ಲಿ ನಿನ್ನ ಅಪ್ಪ ಮೆಟ್ಟಿಲು ಹತ್ತಿ ಬಂದರು. ಬೆಳಿಗ್ಗೆ ನೀನು ಅವರ ಹತ್ತಿರ ಕಿವಿ ಕಟ್ಟಿದ ಹಾಗಿದೆ ಎಂದಿದ್ದೆಯಂತೆ. ಕೈಯಲ್ಲಿ ಕೊಡೆ, ಕಾಲಿಗೆ ಆಗಲೇ ಚಪ್ಪಲಿ. "ಎಂತ ಎಂಜಿನಿಯರಮ್ಮ, ಕೆಟ್ಟದ್ದು ಕಿವಿಯಾ ಮೆಶಿನಾ? ಕಿವಿಯಾದ್ರೆ ಈಗ್ಲೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೇನೆ, ನಾಲ್ಕು ಗಂಟೆ ಮೇಲೆ ನಂಗೆ ಪುರುಸೊತ್ತಿಲ್ಲ."

ನೀನು ನನ್ನ ಮುಖ ನೋಡಿದೆ. ನಿನಗೂ ಒಳಗೊಳಗೇ ಹೆದರಿಕೆ ಇತ್ತು, ಅಲ್ಲವೇ? "ನಿಜ ಹೇಳು ನಳಿನಿ, ನನ್ನ ಕಿವಿ ಸರಿ ಉಂಟಲ್ಲ?"

"ನಿನ್ನ ಕಿವಿಗೇನಾಗಿದೆ ಧಾಡಿ? ಮಷೀನ್ದೇ ಅಂಕಲ್. ಕಾರ್ಡ್ ಹೋಗಿದೆ."

ಅಪ್ಪ ಕೊಡೆಯನ್ನು ಮತ್ತೆ ಮೊಳೆಗೆ ತೂಗುಹಾಕಿದರು. ನೀನು ಉಸ್ಸಪ್ಪಾ ಎಂದು ನಕ್ಕೆ. ನಾನು ಸ್ಕ್ರೂ ಬಿಚ್ಚಿ ಕಾರ್ಡನ್ನು ಹೊರತೆಗೆದು, ಪೇಪರಿನಲ್ಲಿ ಸುತ್ತಿ, ಲ್ಯಾಮಿಂಗ್ಟನ್ ರೋಡಿನ ರಿಪೇರಿ ಅಂಗಡಿಯಲ್ಲಿ ತೋರಿಸಿ ನೋಡುತ್ತೇನೆ ಎಂದು ಚೀಲಕ್ಕೆ ಹಾಕಿಕೊಂಡೆ. ತೋರಿಸಲು ಅದರಲ್ಲಿ ಏನೂ ಇರಲಿಲ್ಲ.

ಮರುದಿನ, ಅದು ರಿಪೇರಿಯಾಗುವುದಿಲ್ಲವಂತೆ ಎಂದು ಹೇಳಿ, ನನ್ನ ಹಳೆಯ ಕಾರ್ಡನ್ನು ತಂದು ನಿನ್ನ ಮಷೀನಿಗೆ ಕೂರಿಸಿದೆ. ಅದು ಎಲ್ಲ ಸದ್ದನ್ನೂ ಎರಡು ಕಡೆಗೂ ಕಳಿಸುವಂಥದ್ದು, ಆದ್ದರಿಂದ ನಿನ್ನ ಬಲಗಿವಿಯೊಂದರಲ್ಲೇ ಎಲ್ಲ ಹೆಜ್ಜೆಗಳೂ ಕೇಳಿಸಿದವು. "ಈಗ ಎಲ್ಲ ಕೇಳ್ತದೆ!" ಎಂದು ನೀನು ಕುಣಿದಾಡಿದೆ. ನನ್ನ ಸುಳ್ಳಿಗೆ ನೀನೇ ಮುದ್ರೆ ಒತ್ತಿಬಿಟ್ಟೆ, ವಾರಿಜಾ. ಅಪ್ಪ ಕೆಳಗಿನಿಂದ ಒಂದು ಪ್ಲೇಟ್ ಬಿಸಿ ಗೋಳಿಬಜೆ ಕಳಿಸಿದರು, ಎಂಜಿನಿಯರಮ್ಮನಿಗೆ ಎಂದು ಹೇಳಿ. ನಾನು ಚಟ್ನಿ ಅದ್ದಿಕೊಂಡು ಒಂದೂ ಬಿಡದೆ ತಿಂದೆ.

ನಿನ್ನ ಕಾರ್ಡನ್ನು ನನ್ನ ಮಷೀನಿಗೆ ಹಾಕಿಕೊಂಡು ಐದು ತಿಂಗಳು ನಾನು ಆಡಿದೆ. ಚೆನ್ನಾಗಿಯೇ ಆಡಿದೆ, ಅದನ್ನೂ ಹೇಳಿಬಿಡುತ್ತೇನೆ. ಮೊದಮೊದಲು ಎಡಗಡೆಯ ಹೆಜ್ಜೆ ಕೇಳಿದಾಗಲೆಲ್ಲ ಎದೆ ಧಸಕ್ ಅನ್ನುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಒಂದು ದಿನ ಹೋಟೆಲಿನ ಫೋನನ್ನು ನೀನು ಎಡಗಿವಿಗೆ ಹಿಡಿದು, ಹಲೋ ಹಲೋ ಎಂದು ಕೂಗಿ, ಲೈನ್ ಸತ್ತಿದೆ ಎಂದು ಇಟ್ಟುಬಿಟ್ಟೆಯಂತೆ. ಅಪ್ಪ ಎತ್ತಿದರೆ ಮಾತು ಸರಿಯಾಗಿ ಕೇಳುತ್ತಿತ್ತಂತೆ. ಅವತ್ತೇ ಡಾಕ್ಟರಲ್ಲಿಗೆ ಓಡಿದಿರಿ. ನರ ಸತ್ತಿದೆ ಎಂದರು. ಕೇಳಿಸದ ಮೊದಲ ವಾರದಲ್ಲೇ ಬಂದಿದ್ದರೆ ಏನಾದರೂ ಮಾಡಿ ನೋಡಬಹುದಿತ್ತು ಎಂದರು. ನೋಡಬಹುದಿತ್ತು ಅಂದರಷ್ಟೇ, ಸರಿಹೋಗುತ್ತಿತ್ತು ಅನ್ನಲಿಲ್ಲವಲ್ಲ— ಈ ಮಾತನ್ನು ಹಿಡಿದುಕೊಂಡು ನಾನು ಎಷ್ಟು ವರ್ಷ ನೇತಾಡಿದೆ! ಅದು ನನ್ನ ಲೆಕ್ಕವಲ್ಲ. ಆ ವಾರ ನಿನ್ನದಾಗಿತ್ತು, ಅದನ್ನು ನಾನು ಕಿತ್ತುಕೊಂಡೆ.

ನನಗೆ ಈ ಸುದ್ದಿ ಹೇಳುವಾಗ ನೀನು ನಕ್ಕೆ. "ನನ್ನ ಗ್ರಹಚಾರ ನೋಡು, ಕಾರ್ಡೂ ಕಿವಿಯೂ ಒಟ್ಟಿಗೇ ಹೋಗಿದೆ. ನೀನು ಪಾಪ ಸರಿ ಮಾಡ್ಲಿಕ್ಕೆ ಆಗುವುದನ್ನು ಸರಿ ಮಾಡಿದೆ." ಒಂದು ಸಲವೂ ನಿನಗೆ ಅನುಮಾನ ಬರಲಿಲ್ಲವೇ? ಬರಲಿಲ್ಲ. ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

ಏರ್‌ಪೋರ್ಟಿನ ಕೆಲಸಕ್ಕೆ ನೀನು ಬರೆದೆ, ಇಂಟರ್‌ವ್ಯೂ ಪಾಸಾದೆ, ಮೆಡಿಕಲ್‌ನಲ್ಲಿ ಬಿದ್ದೆ. ಸೀರೆಯುಟ್ಟು ಕೌಂಟರಿನಲ್ಲಿ ನಿಲ್ಲುವುದನ್ನು ಕನ್ನಡಿಯ ಮುಂದೆ ನನಗೆ ತೋರಿಸಿದ್ದೆ, ಆ ಸೀರೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೋಟೆಲಿನಲ್ಲಿ ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ನೀನು ತಿರುಗುತ್ತಿರಲಿಲ್ಲ, ಯಜಮಾನರ ಮಗಳಿಗೆ ಕೊಬ್ಬು ಅನ್ನುತ್ತಿದ್ದರು. ಧನ್ಯಾ ಹುಟ್ಟಿದ ಹೊಸದರಲ್ಲಿ ನೀನು ಬಲಮಗ್ಗುಲಿಗೆ ಮಲಗಿ, ಒಳ್ಳೆಯ ಕಿವಿ ದಿಂಬಿಗೆ ಒತ್ತಿಹೋಗಿ, ಮಗು ಅತ್ತು ಅತ್ತು ನೀಲಿಗಟ್ಟಿದ್ದು ನಿನಗೆ ತಿಳಿಯಲಿಲ್ಲ. ಅದಕ್ಕೆ ನಿನ್ನ ಅತ್ತೆ ಅಂದ ಮಾತನ್ನು ನೀನು ನನ್ನ ಮುಂದೆ ಹೇಳಿಕೊಂಡು ಕಣ್ಣೀರು ಹಾಕಿದೆ. ಅವತ್ತಿನಿಂದ ಎಡಮಗ್ಗುಲಿಗೇ ಮಲಗುತ್ತೀಯ. ನಾನು ನಿನ್ನ ಬೆನ್ನು ಸವರುತ್ತಾ ಕೂತಿದ್ದೆ, ದೊಡ್ಡ ಗೆಳತಿ!

ಇನ್ನೊಂದು ವಿಷಯ ಹೇಳಬೇಕು, ಇದಕ್ಕೇ ನನಗೆ ಹೆಚ್ಚು ನಾಚಿಕೆ. ಇದನ್ನೆಲ್ಲ ನಾನು ನಿನಗೆ ಮೊದಲೇ ಹೇಳಿದ್ದೇನೆ. ಮೂರು ಸಲ. ಒಮ್ಮೆ ಮಾಟುಂಗಾ ರೋಡ್ ಸ್ಟೇಷನ್ನಿನ ಸೇತುವೆಯ ಮೇಲೆ ನಡೆಯುವಾಗ, ಒಮ್ಮೆ ಲೋಕಲ್ ರೈಲಿನಲ್ಲಿ ಅಕ್ಕಪಕ್ಕ ಕೂತಾಗ, ಒಮ್ಮೆ ನಿನ್ನ ಅಪ್ಪ ತೀರಿಕೊಂಡ ದಿನ. ಮೂರು ಸಲವೂ ನಿನ್ನ ಎಡಗಡೆ ಇದ್ದುಕೊಂಡು ಹೇಳಿದೆ. ಮೆಲ್ಲಗೆ ಹೇಳಿದೆ. ಹೇಳಿದ ಹಾಗೂ ಆಗಬೇಕು, ನಿನಗೆ ಕೇಳಿಸಲೂಬಾರದು. ನಿನ್ನ ಸತ್ತ ಕಿವಿಯನ್ನು ಅದಕ್ಕೂ ಉಪಯೋಗಿಸಿಕೊಂಡೆ.

ಹೋದ ಶನಿವಾರ ನಾಲ್ಕನೆಯ ಸಲ. ಬಲಗಿವಿಯೂ ಮಂದವಾಗಿ, ಅದಕ್ಕೆ ಕೇಳಿಸುವ ಮಷೀನ್ ಹಾಕಿಕೊಂಡು ನೀನು ಮಂಕಾಗಿದ್ದೆ. ಅಮ್ಮನ ಮನಸ್ಸಿಗೆ ಖುಷಿಯಾಗಲಿ ಎಂದು ಧನ್ಯಾ ನಮ್ಮ ಹಳೆಯ ಆಟವನ್ನು ಹುಡುಕಿ ಲ್ಯಾಪ್‌ಟಾಪಿಗೆ ಹಾಕಿದ್ದಳು. "ಆಂಟಿ, ಗೇಮ್ ಚಲ್ತಾ ಹೈ, ಸೌಂಡ್ ಬರ್ತಿಲ್ಲ, ಆಪ್ ಆಓ ನಾ" ಎಂದು ಫೋನ್ ಮಾಡಿದಳು. ಅಂಧೇರಿಯಿಂದ ಬಂದೆ. ಈಗ ಸ್ಕ್ರೂ ಬಿಚ್ಚುವುದೇನೂ ಇಲ್ಲ, ಹಳೆಯ ಕಾರ್ಡಿನಂತೆ ನಟಿಸುವ ಪ್ರೋಗ್ರಾಮಿಗೆ ಅದೇ ಐದು, ಅದೇ ಏಳು ನಂಬರ್ ಹೇಳಿಕೊಟ್ಟರೆ ಮುಗಿಯಿತು. ಧನ್ಯಾ ನಿನ್ನ ಕಿವಿಗೆ ಹೆಡ್‌ಫೋನ್ ಇಟ್ಟಳು. ಎಡಗಡೆಯ ಗಂಟೆ ಬಾರಿಸಿದೆ. ನೀನು ಸುಮ್ಮನೆ ಕೂತಿದ್ದೆ. ಬಲಗಡೆಯದ್ದು ಬಾರಿಸಿದೆ. ನಿನ್ನ ಮುಖ ಅರಳಿತು. ಕಣ್ಣು ಪರದೆಯ ಮೇಲಿಟ್ಟುಕೊಂಡೇ ತಮಾಷೆ ಮಾಡಿದೆ: "ಒಂದೇ ಕಡೆ ಬರ್ತಾ ಉಂಟು. ಪುನಃ ಕಾರ್ಡ್ ಹೋಯ್ತಾ ಮಾರಾಯ್ತಿ?"

ನಾನು ನಿನ್ನ ಎಡಗಡೆ ಕೂತಿದ್ದೆ. "ಇಲ್ಲ ಕಣೇ. ಅವತ್ತೂ ಹೋಗಿರಲಿಲ್ಲ" ಎಂದೆ.

ನಿನಗೆ ಕೇಳಿಸಲಿಲ್ಲ, ನೀನು ಆಟ ಶುರು ಮಾಡಿದ್ದೆ. ಧನ್ಯಾಳಿಗೆ ಕೇಳಿಸಿತು. ಅರ್ಥವಾಗದೆ ನನ್ನನ್ನೇ ನೋಡಿ ಹೇಳಿದಳು: "ಆಂಟಿ, ಮಮ್ಮಿಗೆ ಆ ಸೈಡಿಂದ ಹೇಳಿ. ಲೆಫ್ಟ್‌ನಲ್ಲಿ ಕೇಳಲ್ಲ ನಾ, ಆಪ್‌ಕೋ ತೋ ಪತಾ ಹೈ."

ನನಗೆ ಗೊತ್ತು. ನನಗೇ ಮೊದಲು ಗೊತ್ತಾದದ್ದು. ಏನೋ ನೆಪ ಹೇಳಿ ಎದ್ದು ಬಂದೆ, ಲೋಕಲ್‌ನಲ್ಲಿ ಜನ ನೋಡುತ್ತಿದ್ದಾರೆ ಎಂಬ ಪರಿವೆಯಿಲ್ಲದೆ ಅತ್ತೆ.

ಬಾಯಿಯನ್ನು ನಂಬಿದರೆ ಅದು ಮತ್ತೆ ಎಡಗಡೆಗೇ ಹೋಗಿ ಕೂರುತ್ತದೆ, ಅದಕ್ಕೇ ಇದನ್ನು ಬರೆದೆ. ಈ ಶನಿವಾರ ಮಧ್ಯಾಹ್ನ, ನೀನೀಗ ನೋಡಿಕೊಳ್ಳುವ ಹೋಟೆಲಿನ ಬಾಗಿಲು ಹಾಕಿದ ಮೇಲೆ ಬರುತ್ತೇನೆ. ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ, ಪೇಪರಿನಲ್ಲಿ ಸುತ್ತಿದ ಆ ಕಾರ್ಡನ್ನೂ ಕೊಡುತ್ತೇನೆ. ಅದು ಈಗಲೂ ಕೆಲಸ ಮಾಡುತ್ತದೆ. ನೀನು ಓದಿ ಮುಗಿಸುವ ತನಕ ನಿನ್ನ ಬಲಗಡೆ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ. ಆಮೇಲೆ ನೀನು ಬೈಯಿ, ಶಪಿಸು, ಇನ್ನೆಂದೂ ಮೆಟ್ಟಿಲು ಹತ್ತಬೇಡ ಅನ್ನು. ಯಾವ ಕಡೆಯಿಂದ ಹೇಳಿದರೂ ಸರಿ. ನನಗೆ ಎರಡೂ ಕಿವಿ ಕೇಳಿಸುತ್ತವೆ.