ಮೊದಲು ಶಿಳ್ಳೆ, ಆಮೇಲೆ ಮಾತು

ಬೆಳಗಿನ ಆರು ಗಂಟೆ. ಎಂಜಿನಿಯರಿಂಗ್ ಕಾಲೇಜಿನ ಮೂರನೇ ಮಹಡಿಯ ಮೂಲೆಕೋಣೆಯಲ್ಲಿ ಒಬ್ಬ ಹೆಂಗಸು ಫ್ಯಾನ್ ನಿಲ್ಲಿಸುತ್ತಾರೆ, ಕಿಟಕಿ ಮುಚ್ಚುತ್ತಾರೆ, ಸದ್ದು ಹೀರಲೆಂದು ಗೋಡೆಗೆ ತೂಗುಹಾಕಿದ ಹಳೆಯ ರಗ್ಗುಗಳನ್ನು ಸರಿಮಾಡುತ್ತಾರೆ. ಟಿಕ್‌ಟಿಕ್ ಎನ್ನುವ ಗಡಿಯಾರವನ್ನೂ ಕಳಚಿ ಹೊರಗಿಟ್ಟು ಬರುತ್ತಾರೆ. ಮೈಕಿನ ಮುಂದೆ ಕೂತು ‘ಆ’ ಎನ್ನುತ್ತಾರೆ. ಅದನ್ನೇ ಹಾಕಿ ಕೇಳಿ, ಮುಖ ಹುಳ್ಳಗೆ ಮಾಡಿಕೊಂಡು, ಇನ್ನೊಮ್ಮೆ ‘ಆ’ ಎನ್ನುತ್ತಾರೆ. ನನಗಂತೂ ಎರಡೂ ಒಂದೇ.

“ಮೊದಲನೇದ್ರಲ್ಲಿ ನಿಮ್ಮ ಚಪ್ಪಲಿ ಸದ್ದು ಬಂದಿದೆ,” ಎಂದರು ಒಂದು ದಿನ. ಅವತ್ತಿನಿಂದ ಆ ಕೋಣೆಗೆ ನಾನು ಬರಿಗಾಲಲ್ಲೇ ಹೋಗುತ್ತೇನೆ.

ಕಡತದಲ್ಲಿ ಇವರು ಪ್ರಯೋಗಾಲಯ ಸಹಾಯಕಿ. ವಿದ್ಯಾರ್ಥಿಗಳ ಬಾಯಲ್ಲಿ ಶಬ್ದದಕ್ಕ. ಮನುಷ್ಯರ ಮಾತನ್ನು ಅಂಕಿಗಳಾಗಿ ಮುರಿದು, ಬೇಕಾದ್ದನ್ನು ಉಳಿಸಿ, ಬೇಡದ್ದನ್ನು ಬಿಟ್ಟು, ಮತ್ತೆ ಮಾತಾಗಿ ಕೂಡಿಸುವ ಪಾಠ ಇಲ್ಲಿ ನಡೆಯುತ್ತದೆ. ನಾವು ಫೋನಿನಲ್ಲಿ ಹರಟುವುದೆಲ್ಲ ಈ ವಿದ್ಯೆಯ ಕೃಪೆ. ಹಲಗೆಯ ಮೇಲೆ ಬರೆದರೆ ಇದು ಕಬ್ಬಿಣದ ಕಡಲೆ. ಕಿವಿಗೆ ಬಿದ್ದರೆ ಮಾತ್ರ ತಲೆಗೆ ಹೋಗುತ್ತದೆ. ಕಿವಿಗೆ ಬೀಳಿಸುವುದು ಶಬ್ದದಕ್ಕನ ಕೆಲಸ.

ಇಪ್ಪತ್ತೆರಡು ವರ್ಷದ ಹಿಂದೆ ಹೆಡ್‌ಫೋನ್‌ಗಳ ಧೂಳು ಒರೆಸಲು ಸೇರಿದವರು. ಓದಿದ್ದು ಹತ್ತನೇ ತರಗತಿ. ಧ್ವನಿ ಕೊಡಬೇಕಾದವರು ಒಂದು ದಿನ ಕೈಕೊಟ್ಟಾಗ, ಪಾಠದ ಮೇಷ್ಟ್ರು ಮೈಕನ್ನು ಇವರ ಮುಂದೆ ಹಿಡಿದರು. ಆಗ ಈ ಕೋಣೆಯೂ ಇರಲಿಲ್ಲ. ದೊಡ್ಡ ಬೀರುವಿನೊಳಗೆ ಕಂಬಳಿ ಹೊದ್ದು ಕೂತು ಓದಬೇಕಿತ್ತು. ಸೆಕೆಗೆ ಎರಡು ಸಲ ತಲೆ ಸುತ್ತಿ ಬಿದ್ದದ್ದೂ ಉಂಟು. ಈಗ ಅವರು ಕೂಡಿಟ್ಟ ಧ್ವನಿಗಳು ಸಾವಿರದ ನೂರ ನಲವತ್ತು. ದಿನಾ ಅರವತ್ತನಾಲ್ಕು ಹೆಡ್‌ಫೋನ್‌ಗಳ ಎಡಗಿವಿ, ಬಲಗಿವಿ ಎರಡನ್ನೂ ತಾವೇ ಹಾಕಿಕೊಂಡು ನೋಡುತ್ತಾರೆ. “ಒಂದು ಕಿವಿ ಕೆಟ್ಟಿದ್ರೆ ಒಂದು ಮಗುಗೆ ಅರ್ಧ ಪಾಠ ಹೋದಂಗೆ.”

ಇವರ ಭಂಡಾರದ ರತ್ನವೆಂದರೆ ಅತ್ತೆಯ ದನಿ. ಎಂಬತ್ತರ ಅಜ್ಜಿ ಈಗಲೂ ಗಟ್ಟಿಮುಟ್ಟು. ಸೊಸೆ ಮನೆಗೆ ಬಂದೊಡನೆ ತಮ್ಮ ದನಿ ಇವತ್ತು ಪಾಸಾಯಿತೋ ಫೇಲಾಯಿತೋ ಎಂದು ವಿಚಾರಿಸುತ್ತಾರೆ. ಅಜ್ಜಿ ಆಡಿದ ಒಂದು ಪುಟ್ಟ ಮಾತಿನಿಂದ ಮಿಕ್ಕೆಲ್ಲ ತೆಗೆದು, ದನಿಯ ಜೊತೆಗೇ ಏರಿಳಿಯುವ ಮೂರು ಶಿಳ್ಳೆಗಳನ್ನಷ್ಟೇ ಶಬ್ದದಕ್ಕ ಉಳಿಸಿದ್ದಾರೆ. ಮೊದಲ ಸಲ ಕೇಳಿದರೆ ಹಕ್ಕಿಗಳ ಜಗಳ. ಆಮೇಲೆ ಅಜ್ಜಿಯ ನಿಜವಾದ ಮಾತು ಕೇಳಿಸಿ, ಮತ್ತೆ ಅದೇ ಶಿಳ್ಳೆ ಹಾಕಿದರೆ, ಹಕ್ಕಿಗಳು ಸ್ಪಷ್ಟವಾಗಿ ಮಾತಾಡುತ್ತವೆ. ಶಿಳ್ಳೆ ಬದಲಾಗಿಲ್ಲ, ಕೇಳುವವರು ಬದಲಾಗಿದ್ದಾರೆ. ಒಮ್ಮೆ ಮಾತು ಕೇಳಿದವರಿಗೆ ಮತ್ತೆಂದೂ ಅದು ಬರೀ ಶಿಳ್ಳೆಯಾಗಿ ಕೇಳುವುದಿಲ್ಲ. ಅದಕ್ಕೇ ಇವರ ಕಟ್ಟುನಿಟ್ಟು: ಮೊದಲು ಶಿಳ್ಳೆ, ಆಮೇಲೆ ಮಾತು.

ಈ ವರ್ಷ ಎಲ್ಲಕ್ಕೂ ಕುತ್ತು ಬಂದಿತ್ತು. ವಿಭಾಗದ ಹೊಸ ಮುಖ್ಯಸ್ಥರಿಗೆ ಪರದೆಯ ಮೇಲಿನ ಚಿತ್ರಗಳೇ ಸಾಕೆನಿಸಿತ್ತು. ಕೇಳಿಸುವ ತರಗತಿ ನಿಲ್ಲಿಸಿ, ಕೋಣೆಯನ್ನು ಉಗ್ರಾಣ ಮಾಡಿ, ಶಬ್ದದಕ್ಕನನ್ನು ಕಚೇರಿಯ ಅರ್ಜಿ ವಿಭಾಗಕ್ಕೆ ಕಳಿಸುವ ಯೋಚನೆ. ಒಂದು ತರಗತಿ ನೋಡಿ ತೀರ್ಮಾನಿಸುತ್ತೇನೆ ಎಂದಿದ್ದರು. “ಅಲ್ಲೂ ಸಂಬಳ ಇಷ್ಟೇ ಬರುತ್ತೆ,” ಎಂದರು ಶಬ್ದದಕ್ಕ. “ಆದ್ರೆ ಅಲ್ಲಿ ನನ್ನ ಕಿವಿಗೇನು ಕೆಲಸ?”

ಆ ಶುಕ್ರವಾರ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಮುಖ್ಯಸ್ಥರು ಹೇಳಿದ ಹೊತ್ತಿಗೆ ಬರಲಿಲ್ಲ. ಮೇಷ್ಟ್ರು ಪಾಠ ಶುರು ಮಾಡಿದರು. ಬಾಗಿಲ ಕಡೆಗೇ ಕಣ್ಣಿಟ್ಟಿದ್ದ ಶಬ್ದದಕ್ಕ ಗುಂಡಿ ಒತ್ತಿದರು. ದೊಡ್ಡ ಸ್ಪೀಕರಿನಿಂದ ಬಂದದ್ದು ಶಿಳ್ಳೆಯಲ್ಲ, ಅಜ್ಜಿಯ ಮಾತು! ಇಪ್ಪತ್ತೆರಡು ವರ್ಷದಲ್ಲಿ ಮಾಡದ ತಪ್ಪು. ಅರವತ್ತು ಜನಕ್ಕೂ ಗುಟ್ಟು ರಟ್ಟಾಗಿತ್ತು. ಶಬ್ದದಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ.

ಇನ್ನೇನು ಮಾಡುವುದೆಂದು ಶಿಳ್ಳೆ ಹಾಕಿದರು. ಸರಿಯಾಗಿ ಆಗಲೇ ಮುಖ್ಯಸ್ಥರು ಬಾಗಿಲಲ್ಲಿ ಬಂದು ನಿಂತರು. ತರಗತಿಗೆ ತರಗತಿಯೇ ಗೊಳ್ಳೆಂದಿತು. ಅಜ್ಜಿಯ ಆ ಮಾತು, ತಡವಾಗಿ ಬಂದು ಬಾಗಿಲಲ್ಲಿ ನಿಂತವರಿಗೆಂದೇ ಹೇಳಿ ಮಾಡಿಸಿದಂತಿತ್ತು. ಬರೀ ಶಿಳ್ಳೆಗೆ ಯಾಕೆ ನಗುತ್ತೀರೆಂದು ಅವರು ಗದರಿದರು. ಅದು ಮಾತಾಡುತ್ತಿದೆ ಎಂದು ವಿದ್ಯಾರ್ಥಿಗಳು ಹೇಳಿದರೆ, ತಮ್ಮನ್ನು ಗೇಲಿ ಮಾಡುತ್ತಿದ್ದಾರೆಂದೇ ಅವರಿಗೆ ಅನುಮಾನ.

ಶಬ್ದದಕ್ಕ ವಿದ್ಯಾರ್ಥಿಗಳತ್ತ ತಿರುಗಿದರು. “ಪಕ್ಕದವ್ರನ್ನ ನೋಡ್ದೆ, ಕೇಳಿಸಿದ್ದನ್ನ ಚೀಟಿಲಿ ಬರೀರಿ.” ಅರವತ್ತು ಚೀಟಿಯಲ್ಲೂ ಅದೇ ಮಾತು. ಮುಖ್ಯಸ್ಥರು ಒಂದೊಂದನ್ನೇ ತಿರುವಿಹಾಕಿದರು. ಆಮೇಲೆ ಶಬ್ದದಕ್ಕ ಅಜ್ಜಿಯ ಮಾತು ಕೇಳಿಸಿ, ಮತ್ತೆ ಶಿಳ್ಳೆ ಹಾಕಿದರು. ಮುಖ್ಯಸ್ಥರ ಹುಬ್ಬು ಮೇಲೇರಿತು. ಮಾತು ತಮ್ಮ ಬಗ್ಗೆಯೇ ಎಂದು ಗೊತ್ತಾಗಿ, ತುಟಿಯಂಚಿನಲ್ಲಿ ನಗು ಬಂತು.

“ಇನ್ನೊಂದ್ಸಲ ಹಾಕಿ,” ಎಂದರು. ಒಟ್ಟು ಐದು ಸಲ ಹಾಕಿಸಿಕೊಂಡರು. ಹೋಗುವಾಗ, ಈ ಕೋಣೆಗೆ ಹೊಸ ರಗ್ಗು ಎಷ್ಟು ಬೇಕೆಂದು ಕೇಳಿ ಬರೆದುಕೊಂಡರು.

ತರಗತಿ ಉಳಿದಿದೆ. ಶಬ್ದದಕ್ಕ ಈಗಲೂ ಆರಕ್ಕೆ ಬಂದು ಗಡಿಯಾರ ಕಳಚುತ್ತಾರೆ. ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಸೆರಗಿನಲ್ಲಿ ಹೆಡ್‌ಫೋನ್ ಒರೆಸುತ್ತ ಒಂದೇ ಒಂದು ಕೇಳಿಕೊಂಡರು.

“ನನ್ನ ಬಗ್ಗೆ ಏನು ಬೇಕಾದ್ರೂ ಬರ್ಕೊಳ್ಳಿ. ಅತ್ತೆ ಹೇಳಿದ ಮಾತು ಏನು ಅಂತ ಮಾತ್ರ ಬರೀಬೇಡಿ. ಮುಂದಿನ ವರ್ಷದ ಮಕ್ಕಳೂ ಮೊದಲು ಶಿಳ್ಳೆನೇ ಕೇಳ್ಬೇಕು.”

ಬರೆದಿಲ್ಲ, ಅಕ್ಕ.