ಜೀಪಿನ ಪಡದೆಗೆ ಹಾಕಿದ ಐದು ಹೊಲಿಗೆ

ಅಣ್ಣ ಆ ಹಳೇ ಮಿಲಿಟರಿ ಜೀಪನ್ನು ಲಿಂಗಸುಗೂರಿನ ಹರಾಜಿನಲ್ಲಿ ಹಿಡಿದು ಮಸ್ಕಿಗೆ ತಂದಾಗ ಅದಕ್ಕೆ ಹಿಂದೆ ಬೆಳಕೆಂಬುದೇ ಇರಲಿಲ್ಲ. ಎಂಬತ್ತರ ದಶಕದ ನಡುವಿನ ಮಾತು. ಮನೆಯಲ್ಲಿ ಇದ್ದವರು ಮೂವರೇ: ಅವ್ವ, ಅಣ್ಣ, ನಾನು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನಾನು ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯವರ ಕುಪ್ಪಸ ಹೊಲಿಯುತ್ತಿದ್ದೆ. ಅಣ್ಣ ಪಂಪುಸೆಟ್ಟು ರಿಪೇರಿಗೆ ಊರೂರು ತಿರುಗುತ್ತಿದ್ದ. ಎರೆ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಸೈಕಲ್ ಕೂಡ ಹೋಗುವುದಿಲ್ಲ. ನಾಲ್ಕೂ ಗಾಲಿಗೆ ಬಲವಿರುವ ಗಾಡಿಯೇ ಬೇಕು ಎಂದು ಅದನ್ನು ತಂದ.

ಅದು ಬಂದ ಮೇಲೆ ಬೇರೆ ಕೆಲಸವೂ ಅವನ ಪಾಲಿಗೆ ಬಂತು. ಯಾವ ಹಳ್ಳಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಹಾವು ಮುಟ್ಟಿದರೂ, ಜನ ನಮ್ಮ ಮನೆಯ ಬಾಗಿಲು ಬಡಿಯುತ್ತಿದ್ದರು. ಅಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಆದರೆ ಜೀಪು ಹಳೆಯದು. ಎಲ್ಲಿ ಬೇಕಾದರಲ್ಲಿ ನಿಂತುಬಿಡುತ್ತಿತ್ತು. ಆ ಕಾಲದಲ್ಲಿ ರಸ್ತೆಯಲ್ಲಿ ಗಾಡಿ ನಿಂತರೆ ಹಿಂದೆ ನಾಲ್ಕು ಕಲ್ಲು, ಒಂದು ಜಾಲಿ ಟೊಂಗೆ ಇಡುವುದೇ ಎಚ್ಚರಿಕೆ. ಗಾಡಿ ರಿಪೇರಿಯಾಗಿ ಹೋದ ಮೇಲೂ ಕಲ್ಲು ಅಲ್ಲೇ ಉಳಿಯುತ್ತಿದ್ದವು. ಅಂಥ ಕಲ್ಲಿಗೆ ಸೈಕಲ್ ಬಡಿದು ಒಬ್ಬ ಮುದುಕ ಹಲ್ಲು ಮುರಿದುಕೊಂಡದ್ದನ್ನು ನೋಡಿದ ಮೇಲೆ ಅಣ್ಣನಿಗೆ ದೀಪದ ಹುಚ್ಚು ಹಿಡಿಯಿತು.

ಸಿಂಧನೂರಿನ ಗುಜರಿಯಲ್ಲಿ ಎರಡು ಕಿತ್ತಳೆ ಬಣ್ಣದ ಲಾರಿ ದೀಪ ತಂದ. ಕೆಳಗೆ ಹಚ್ಚಿದರೆ ಗಾಲಿಯ ಕೆಸರು ಮೆತ್ತಿಕೊಳ್ಳುತ್ತದೆ ಎಂದು ಜೀಪಿನ ತಾಡಪತ್ರಿ ಹೊದಿಕೆಯಾದ ಹುಡ್‌ನ ಹಿಂಭಾಗದಲ್ಲಿ, ಎದೆಯೆತ್ತರಕ್ಕೆ, ಒಂದು ಹಲಗೆಗೆ ಕೂರಿಸಿದ. ಟಕ್ ಟಕ್ ಎಂದು ಹತ್ತಿ ಆರುವ ಹಾಗೆ ಒಂದು ಡಬ್ಬಿಯನ್ನು ಒಳಗೆ ಜೋಡಿಸಿದ. ಜೀಪು ಬಂದ್ ಆದರೂ ದೀಪ ನಡೆಯಬೇಕು ಎಂದು ತಂತಿಯನ್ನು ಬ್ಯಾಟರಿಯಿಂದಲೇ ಎಳೆದ. ಇಷ್ಟೆಲ್ಲ ಮಾಡಿ ಮೊದಲ ದಿನ ಚಹಾದಂಗಡಿ ಮುಂದೆ ನಿಲ್ಲಿಸಿದರೆ ಅಲ್ಲಿದ್ದವರು ಎದ್ದು ನಿಂತು ಕೈ ಮುಗಿದರಂತೆ.

"ಮಂತ್ರಿಗಳು ಬಂದ್ರಪ್ಪೋ. ಸರೀರಿ, ದಾರಿ ಬಿಡ್ರಿ."

ಸಿಂಧನೂರಿನಲ್ಲಿ ಒಬ್ಬ ಪೊಲೀಸನೂ ತಡೆದು, "ಏನಲೇ, ಇದು ನಿಮ್ಮಪ್ಪನ ಸರ್ಕಾರದ್ದೇನು? ಬಿಚ್ಚಿ ಒಗಿ" ಎಂದು ಗದರಿಸಿ ಬಿಟ್ಟಿದ್ದ.

ಅಣ್ಣ ಬಿಚ್ಚಲಿಲ್ಲ. ಮನೆಗೆ ಬಂದು ಗೋಡೆಯ ಮೇಲೆ ಇದ್ದಲಿನಿಂದ ಜೀಪಿನ ಬೆನ್ನು ಬರೆದ. ಬೇಕಾದಾಗ ಕಾಣಬೇಕು, ಬೇಡವಾದಾಗ ಯಾರಿಗೂ ಕಾಣಬಾರದು. ಹಾಗೆ ಮಾಡುವುದು ಹೇಗೆ ಎಂದು ಎಂಟು ದಿನ ಆ ಚಿತ್ರದ ಮುಂದೆ ಕೂತು ಉಂಡ. ಮುಂದೆಯೂ ಎರಡು ದೀಪ ಹಚ್ಚುವುದಾದರೆ ರೇಡಿಯೇಟರಿನ ಸರಳುಗಳ ಹಿಂದೆ ಬಚ್ಚಿಡಬಹುದು, ಸರಳಿನ ಸಂದಿಯಿಂದ ಬೆಳಕು ಬರುತ್ತದೆ. ಹಿಂದಿನವಕ್ಕೆ ಏನು ಮಾಡುವುದು? ಕಡೆಗೆ ನನ್ನ ಮಷಿನ್ ಕಡೆ ನೋಡಿದ.

"ತಂಗೆವ್ವ, ಹುಡ್‌ನ ಬಣ್ಣದ್ದ ತಾಡಪತ್ರಿ ತಂದು ಕೊಡ್ತೀನಿ. ದೀಪದ ಮ್ಯಾಲ ಒಂದು ಪಡದಾ ಹೊಲಿ. ಡ್ರೈವರ್ ಸೀಟಿನ ಕಡಿಂದ ಹಗ್ಗ ಎಳದ್ರ ಮ್ಯಾಲ ಏಳಬೇಕು, ಬಿಟ್ರ ಬೀಳಬೇಕು."

"ನಾಟಕದ ಪಡದಾ ಆತಲ್ಲೋ ಅಣ್ಣಾ."

"ಆಗಲಿ ಬೇ. ಪಾತ್ರ ನಾನ ಮಾಡ್ತೀನಿ."

ತಾಡಪತ್ರಿ ಮಷಿನ್ನಿಗೆ ಬಗ್ಗಲಿಲ್ಲ. ದಬ್ಬಣ ಹಿಡಿದು ಮೇಣ ಸವರಿದ ದಾರದಿಂದ ಕೈಯಲ್ಲೇ ಹೊಲಿದೆ. ಎರಡು ಪದರು, ಅಂಚಿಗೆ ಹಿತ್ತಾಳೆಯ ಬಳೆಗಳು, ಅವುಗಳ ಒಳಗಿಂದ ಹಗ್ಗ. ಅಣ್ಣ ಒಳಗೆ ಕೂತು ಎಳೆದ. ಪಡದೆ ಸರ್ರನೆ ಮೇಲೆದ್ದು ಎರಡು ಕಿತ್ತಳೆ ಕಣ್ಣು ಮಿನುಗಿದವು. ಅವ್ವ ಕಟ್ಟೆಯ ಮೇಲೆ ಕೂತು ನಕ್ಕದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ವರ್ಷ ಅಣ್ಣ ಎಷ್ಟೋ ಕಡೆ ನಿಂತ ಜೀಪಿನ ಹಿಂದೆ ಆ ಪಡದೆ ಎತ್ತಿ ನಿರಾಳವಾಗಿ ಇಂಜಿನ್ನು ಬಿಚ್ಚಿದ. ದೂರದಿಂದಲೇ ಲಾರಿಗಳು ಪಕ್ಕಕ್ಕೆ ಸರಿಯುತ್ತಿದ್ದವು. ಬೆಳಕಿರುವ ತನಕ ತನ್ನ ಬೆನ್ನಿಗೆ ಯಾರೂ ಬರುವುದಿಲ್ಲ ಎಂಬ ನಂಬಿಕೆ ಅವನಿಗೆ ಗಟ್ಟಿಯಾಗಿತ್ತು.

ಇಲ್ಲಿಂದ ಮುಂದಿನದು ನನ್ನದು.

ಗುರುಗುಂಟಾದಿಂದ ನನ್ನನ್ನು ನೋಡಲು ಬರುವವರಿದ್ದರು. ಎರಡು ಮನೆಯವರು ಆಗಲೇ ನೋಡಿ ಹೋಗಿ ಸುದ್ದಿ ಕಳಿಸಿರಲಿಲ್ಲ. ಹಿಂದಿನ ದಿನ ಪಕ್ಕದ ಮನೆಯಾಕೆ ಕುಪ್ಪಸ ಒಯ್ಯಲು ಬಂದವಳು ಬಾಗಿಲಲ್ಲಿ ನಿಂತು ಹೇಳಿದಳು:

"ಬರೋರು ನಿಷ್ಠಿ ಮಂದಿ ಅಂತ. ನಿಮ್ಮಣ್ಣ ಗಾಡ್ಯಾಗ ಪಡದಾದ ಹಿಂದ ಸಾರಾಯಿ ಸಾಗಸ್ತಾನ ಅಂತ ಓಣ್ಯಾಗ ಆಡಿಕೋತಾರ. ನಾ ಏನ್ ನಂಬಿಲ್ಲ ನೋಡವಾ. ಖರೇ, ಬಂದೋರು ಕೇಳಿದ್ರ?"

ಜೀಪು ಮನೆಯ ಮುಂದೆಯೇ ನಿಂತಿತ್ತು. ಗಾಳಿ ಬೀಸಿದಾಗಲೆಲ್ಲ ಪಡದೆಯ ಅಂಚು ಎದ್ದು ಪಟಪಟ ಬಡಿಯುತ್ತಿತ್ತು. ನಾನು ಮರುದಿನ ಮುಂಜಾನೆ ದಬ್ಬಣ ತೆಗೆದುಕೊಂಡು ಹೋಗಿ ಕೆಳಗಿನ ಅಂಚನ್ನು ಹುಡ್‌ಗೆ ಸೇರಿಸಿ ಐದು ಹೊಲಿಗೆ ಹಾಕಿದೆ. ಈಗ ಅದು ಪಡದೆಯ ಹಾಗೆ ಕಾಣಲಿಲ್ಲ, ಹರಿದ ತಾಡಪತ್ರಿಗೆ ಹಚ್ಚಿದ ತ್ಯಾಪೆಯ ಹಾಗೆ ಕಂಡಿತು. ಅಣ್ಣ ಸಂತೆಗೆ ಹೋಗಿದ್ದ. ಅವರು ಹೋದ ಮೇಲೆ ಕೊಯ್ದರಾಯಿತು ಎಂದುಕೊಂಡೆ.

ಅವರು ಬಂದರು, ಅವಲಕ್ಕಿ ತಿಂದರು, ಕೂತಲ್ಲೇ ಒಪ್ಪಿದರು. ಹುಡುಗನ ಸೋದರಮಾವ ಜೀಪಿನ ಸುತ್ತ ಒಂದು ಸುತ್ತು ಹಾಕಿ, "ಗಾಡಿ ಗಟ್ಟಿ ಐತಿ" ಎಂದಷ್ಟೇ ಹೇಳಿದ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಮರೆತೆ ಎಂದು ಬರೆದರೆ ಓದುವವರು ಒಪ್ಪುತ್ತಾರೆ. ಆದರೆ ನಾನು ಮರೆತಿರಲಿಲ್ಲ. ಮರುದಿನ ಸಂಜೆ ಕಸ ಹೊಡೆಯುವಾಗ ಆ ಐದು ಹೊಲಿಗೆ ಕಣ್ಣಿಗೆ ಬಿದ್ದವು. ನಿಶ್ಚಯಕ್ಕೆ ಅವರು ಮತ್ತೆ ಬರುವವರಿದ್ದರು. ಅಲ್ಲಿಯ ತನಕ ಇರಲಿ ಎಂದು ಬಿಟ್ಟೆ. ಅಣ್ಣನಿಗೆ ಹೇಳಿದರೆ "ನಿನಗ ನಾಚಿಕಿ ಆತೇನ್ ನನ್ನ ದೀಪಕ್ಕ?" ಎಂದು ಕೇಳುತ್ತಾನೆ ಎಂಬ ಅಳುಕಿಗೆ ಹೇಳಲೂ ಇಲ್ಲ.

ನಾಲ್ಕನೇ ದಿನ ನಸುಕಿನಲ್ಲಿ ಬಳಗಾನೂರಿನಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದ. ಅವನ ಹೆಂಡತಿಗೆ ಹಿಂದಿನ ಮಧ್ಯಾಹ್ನದಿಂದ ನೋವು. ಸೂಲಗಿತ್ತಿ ಕೈ ಚೆಲ್ಲಿದ್ದಳು. ಚಳಿಗಾಲ, ಕಾಲುವೆಯ ಕಡೆ ಮಂಜು ಬಿದ್ದಿತ್ತು. ಜೀಪು ಹತ್ತಲು ಹೊತ್ತಾದೀತು, ಆಕೆಯನ್ನು ಅಣಿ ಮಾಡಿಡು ಎಂದು ಅಣ್ಣ ಅವನನ್ನು ಸೈಕಲ್ ಮೇಲೆ ಮುಂದೆ ಕಳಿಸಿ, ಹ್ಯಾಂಡಲ್ ಹಾಕಿ ಜೀಪು ತಿರುಗಿಸುವುದು ನನಗೆ ಕೇಳಿಸಿತು. ನಾನು ಕೌದಿಯೊಳಗೆ ಎಚ್ಚರವಾಗಿದ್ದೆ. ಹೊಲಿಗೆ ನೆನಪಾಯಿತು. ಎದ್ದು ಹೋಗಿ ಒಂದು ಬ್ಲೇಡು ಆಡಿಸಿದ್ದರೆ ಮುಗಿಯುತ್ತಿತ್ತು. ಚಳಿ ಇತ್ತು. ಇನ್ನೇನು ಬೆಳಕಾಗುತ್ತದೆ, ದೀಪ ಯಾಕೆ ಬೇಕು ಎಂದುಕೊಂಡು ಮಗ್ಗುಲಾದೆ. ಜೀಪು ಎರಡನೇ ಸಲಕ್ಕೆ ಹತ್ತಿಕೊಂಡಿತು. ಓಣಿ ದಾಟುವ ತನಕ ಅದರ ಸದ್ದು ಕೇಳುತ್ತ ಮಲಗಿದ್ದೆ.

ಬಳಗಾನೂರು ಇನ್ನೂ ದೂರವಿರುವಾಗ ಇಂಜಿನ್ನಿನ ನೀರಿನ ಪೈಪು ಒಡೆಯಿತಂತೆ. ಅಣ್ಣ ಸ್ವಿಚ್ ಹಾಕಿದ, ಹಗ್ಗ ಎಳೆದ. ಹಗ್ಗ ಒಂದು ಗೇಣು ಬಂತು. ಯಾವಾಗಲೂ ಎರಡು ಗೇಣು ಬರುತ್ತಿತ್ತು. ಅವಸರದಲ್ಲಿ ಅಷ್ಟಕ್ಕೇ ಸೀಟಿನ ಬದಿಯ ಕೊಂಡಿಗೆ ಗಂಟು ಹಾಕಿ ಇಳಿದ. ಒಳಗಿನ ಡಬ್ಬಿ ಟಕ್ ಟಕ್ ಅನ್ನುತ್ತಿತ್ತು. ಆ ಸದ್ದು ಕೇಳುತ್ತ ಬಾನೆಟ್ ಎತ್ತಿ ಒಳಗೆ ಬಗ್ಗಿದ. ಹಿಂದೆ ಎರಡು ದೀಪಗಳೂ ನಾನು ಹೊಲಿದ ಎರಡು ಪದರಿನೊಳಗೆ ಹತ್ತಿ ಆರುತ್ತಿದ್ದವು. ಭತ್ತದ ಹುಲ್ಲು ಹೇರಿದ ಲಾರಿ ಮಂಜಿನೊಳಗಿಂದ ಬಂದು ಜೀಪಿಗೆ ಬಡಿಯಿತು. ಜೀಪು ಅಣ್ಣನ ಕಾಲಿನ ಮೇಲೆ ಹತ್ತಿತು.

ಆ ಹೆಣ್ಣುಮಗಳನ್ನು ಬಂಡಿಯಲ್ಲಿ ಸಿಂಧನೂರಿಗೆ ಒಯ್ದರು. ಆಕೆ ಉಳಿದಳು, ಕೂಸು ಉಳಿಯಲಿಲ್ಲ. ಜೀಪು ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಯಾರು ಹೇಳಬೇಕು. ನನಗೆ ಆ ಪ್ರಶ್ನೆಯಿಂದ ಬಿಡುಗಡೆ ಸಿಕ್ಕಿಲ್ಲ.

ಅವ್ವ ಅಣ್ಣನ ಜೊತೆ ದವಾಖಾನೆಯಲ್ಲಿದ್ದಳು. ಸಂಜೆಗೆ ಟ್ರ್ಯಾಕ್ಟರು ಜೀಪನ್ನು ಎಳೆದು ತಂದು ಮನೆಯ ಮುಂದೆ ಬಿಟ್ಟಿತು. ಹಿಂಭಾಗ ಒಳಗೆ ತಗ್ಗಿತ್ತು. ದೀಪಗಳು ಒಡೆದಿದ್ದವು. ಪಡದೆ ಮಾತ್ರ ಹರಿದಿರಲಿಲ್ಲ. ನನ್ನ ಐದು ಹೊಲಿಗೆಗಳೂ ಒಂದೂ ಬಿಡದೆ ಗಟ್ಟಿಯಾಗಿ ನಿಂತಿದ್ದವು. ನಾನು ಯಾರೂ ಇಲ್ಲದ್ದನ್ನು ನೋಡಿ ಬ್ಲೇಡಿನಿಂದ ಒಂದೊಂದಾಗಿ ಕೊಯ್ದೆ. ದಾರದ ತುಣುಕುಗಳನ್ನು ಆರಿಸಿ ಒಲೆಗೆ ಹಾಕಿದೆ. ಮೇಣದ ದಾರ ಚಟಪಟ ಸದ್ದು ಮಾಡುತ್ತ ಉರಿಯಿತು.

ಅಣ್ಣನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಲಾರಿಯವನು ದೀಪವೇ ಇರಲಿಲ್ಲ ಎಂದ. ಲಿಂಗಸುಗೂರಿನ ಕೋರ್ಟಿನಲ್ಲಿ ಅಣ್ಣ ಕೋಲು ಊರಿ ನಿಂತು, "ಅವನದ ತಪ್ಪಿಲ್ರೀ. ನಾ ಹಾಕಿದ ಗಂಟು ಬಿಚ್ಚ್ಯಾದ" ಎಂದುಬಿಟ್ಟ. ಲಾರಿ ಬಡಿದ ಹೊಡೆತಕ್ಕೆ ಕೊಂಡಿಯ ಗಂಟು ನಿಜವಾಗಿ ಬಿಚ್ಚಿತ್ತು. ಅದನ್ನೇ ಅವನು ನಂಬಿದ. ನಾನು ಅವನ ಹಿಂದಿನ ಬೆಂಚಿನಲ್ಲಿ ಅವ್ವನ ಪಕ್ಕ ಕೂತಿದ್ದೆ. ಬಾಯಿ ಬಿಡಲಿಲ್ಲ. ನನ್ನ ಮದುವೆಗೆ ಆಗ ಹದಿನೈದು ದಿನ ಇತ್ತು.

ಜೀಪು ಗುಜರಿಗೆ ಹೋಯಿತು. ಅಣ್ಣ ಪಂಪು ಬಿಚ್ಚುವುದನ್ನು ಬಿಟ್ಟ. ಕಾಲಿಲ್ಲದ್ದಕ್ಕಲ್ಲ. ಕೂತು ಮಾಡುವ ಕೆಲಸ ಅದು. ಯಾರಾದರೂ ಮೋಟಾರು ತಂದು ಮುಂದಿಟ್ಟರೆ, "ನನ್ನ ಕೈ ಮ್ಯಾಲ ನನಗ ಭರವಸಾ ಇಲ್ಲಪಾ, ಬ್ಯಾರೆ ಕಡಿ ಒಯ್ರಿ" ಎನ್ನುತ್ತಿದ್ದ. ಎರಡು ಎಮ್ಮೆ ಕಟ್ಟಿಕೊಂಡ. ಎಮ್ಮೆಯ ಹಗ್ಗಕ್ಕೆ ಒಂದು ಗಂಟು ಹಾಕುವನು, ಎಳೆದು ನೋಡುವನು, ಮತ್ತೊಂದು, ಮತ್ತೊಂದು. ಮೂರು ಗಂಟಿಲ್ಲದೆ ಅವನ ಕೈ ಹಗ್ಗ ಬಿಡುತ್ತಿರಲಿಲ್ಲ. ತವರಿಗೆ ಬಂದಾಗಲೆಲ್ಲ ನಾನು ಆ ಮೂರು ಗಂಟು ನೋಡಿ ಹೇಳಬೇಕೆಂದುಕೊಳ್ಳುವೆ, ಹೇಳದೆ ಬಸ್ಸು ಹತ್ತುವೆ. ಹತ್ತು ವರ್ಷ ಹೀಗೆ ಕಳೆಯಿತು.

ಅವ್ವ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಹೇಳಿದೆ. ಅವನು ಹಗ್ಗ ಕಟ್ಟುತ್ತಿದ್ದ.

"ಅಣ್ಣಾ, ಆ ದಿನ ನಿನ್ನ ಗಂಟು ಬಿಚ್ಚಿದ್ದಕ್ಕ ಅಲ್ಲ. ಪಡದಾ ಏಳಾಕ ಬರತಿದ್ದಿಲ್ಲ. ನಾ ಅದನ್ನ ಕೆಳಗ ಹೊಲ್ದು ಬಂದ್ ಮಾಡಿದ್ದೆ. ನನ್ನ ನೋಡಾಕ ಬರೋರಿಗೆ ಕಾಣಬಾರದು ಅಂತ."

ಅವನು ತಲೆ ಎತ್ತಲಿಲ್ಲ. ಎರಡನೇ ಗಂಟು ಹಾಕಿ ಎಳೆದ.

"ದವಾಖಾನಿಂದ ಬಂದ ದಿನಾನ ನಾ ಕುಂಟಕೋತ ಹೋಗಿ ನೋಡೀನಿ. ಪಡದಾ ಗಾಳಿಗೆ ಹಾರ್ಯಾಡತಿತ್ತು. ಎಲ್ಲಿ ಹೊಲಿಗಿ?"

"ನಾನ ಕೊಯ್ದು ಒಲಿಗೆ ಹಾಕಿದೆ."

"ಯಾಕ?"

ಅವನು ಮೊದಲ ಸಲ ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ.

"ಅವ್ವ ಹೋಗೋ ಮುಂದ ಹೇಳಿ ಹೋಗ್ಯಾಳೇನು, ಅಣ್ಣಗ ಸಮಾಧಾನ ಮಾಡು ಅಂತ? ನನ್ನ ಸಲುವಾಗಿ ನಿನ್ನ ಮ್ಯಾಲ ಯಾಕ ಹಾಕ್ಕೋತಿ ಬೇ. ಹಗ್ಗ ಗೇಣು ಬಂದಾಗ ನಾ ಇಳದು ಹಿಂದ ನೋಡಬೇಕಿತ್ತು. ನಡಿ, ಉಣ್ಣಾಕ ನೀಡು."

ನಾನು ಅತ್ತೆ, ಆಣೆ ಮಾಡಿದೆ. ಅಳುವಷ್ಟೂ ಅವನಿಗೆ ನನ್ನ ಮೇಲೆ ಕನಿಕರ ಹೆಚ್ಚಿತು. ನನ್ನ ಕೈಯಾರೆ ಸುಟ್ಟದ್ದನ್ನು ಎಲ್ಲಿಂದ ತಂದು ತೋರಿಸಲಿ.

ಆಗ ತಾಡಪತ್ರಿ ನೆನಪಾಯಿತು. ದಾರ ಹೋದರೂ ದಬ್ಬಣದ ತೂತು ಹೋಗುವುದಿಲ್ಲ. ಜೀಪು ಗುಜರಿಗೆ ಹೋಗುವ ಮುಂಚೆ ಅದರ ಹುಡ್ಡನ್ನು ಪಾಮನಕಲ್ಲೂರಿನ ನಮ್ಮ ದೊಡ್ಡಪ್ಪನ ಮನೆಯವರು ಬಣವೆಗೆ ಹೊದಿಸಲು ಒಯ್ದಿದ್ದರು. ಮರುದಿನವೇ ಬಸ್ಸು ಹತ್ತಿ ಹೋದೆ. ಬಣವೆಯ ತಲೆಯ ಮೇಲೆ ಅದು ಇನ್ನೂ ಇತ್ತು, ಪಡದೆಯ ಸಮೇತ. ಇಳಿಸಿ ಬಿಸಿಲಿಗೆ ಹಿಡಿದು ನೋಡಿದೆ. ಹತ್ತು ವರ್ಷದ ಜಾಲಿ ಮುಳ್ಳು, ಇಲಿಯ ಹಲ್ಲು, ಮಳೆ. ಬಿಸಿಲು ನೂರು ಕಡೆಯಿಂದ ತೂರಿ ಬರುತ್ತಿತ್ತು. ಕೆಳ ಅಂಚಿನ ಉದ್ದಕ್ಕೂ ಬೆರಳು ಆಡಿಸಿ ನನ್ನವು ಯಾವುವು ಎಂದು ಹುಡುಕಿದೆ. ಇದೇ ಎಂದು ಆಣೆ ಇಟ್ಟು ತೋರಿಸಲು ಒಂದೂ ಸಿಗಲಿಲ್ಲ.

ಆದರೂ ಸುತ್ತಿ ಕಂಕುಳಲ್ಲಿಟ್ಟು ಮಸ್ಕಿಗೆ ತಂದೆ. ಅಣ್ಣ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ಸವರಿದ. ಹಿತ್ತಾಳೆಯ ಬಳೆಯೊಂದನ್ನು ಉಗುರಿನಿಂದ ತಿಕ್ಕಿ ಹೊಳಪು ಬರಿಸಿದ.

"ನೀ ಹೊಲದದ್ದು ಒಂದೂ ಬಿಚ್ಚಿಲ್ಲ ನೋಡು" ಎಂದ. "ಇದಕ್ಕ ನಾಕು ತ್ಯಾಪಿ ಹಚ್ಚಿ ಕೊಡು. ಚಳಿಗಾಲಕ್ಕ ಎಮ್ಮಿಗೆ ಹೊದಸಾಕ ಆಗ್ತದ."

ನಾನು ದಬ್ಬಣ ಹುಡುಕಿ ತಂದು ಕಟ್ಟೆಯ ಮೇಲೆ ಕೂತೆ. ಕೊಟ್ಟಿಗೆಯಲ್ಲಿ ಅವನು ಹಗ್ಗ ಕಟ್ಟುವುದು ಕಾಣುತ್ತಿತ್ತು. ಒಂದು ಗಂಟು ಹಾಕಿ ಎಳೆದ. ಎರಡನೆಯದು ಹಾಕಿ ಎಳೆದ. ನಾನು ದಾರ ಪೋಣಿಸುವುದನ್ನು ನಿಲ್ಲಿಸಿ ನೋಡುತ್ತಿದ್ದೆ. ಮೂರನೆಯದನ್ನೂ ಹಾಕಿದ.