ಅತ್ತೆಯವರ ಗದ್ದ

ನಮ್ಮ ಅತ್ತೆಯವರು ಬಸ್ ನಿಲ್ದಾಣದ ಮುಂಗಡ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾರೆ. ಕೆಲವು ತಿಂಗಳಿಂದ ಅವರ ಗದ್ದ ಮೇಲಕ್ಕೇರಿತ್ತು. ನಾನು ಮಗುವಿಗೆ ಸ್ವೆಟರ್ ಹಾಕುವಾಗಲೂ ಗದ್ದವೆತ್ತಿ ನೋಡುತ್ತಿದ್ದರು. ನಾನು ಮಗು ಸಾಕುವ ರೀತಿಯ ಬಗ್ಗೆ ತಾತ್ಸಾರವೆಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ.

ಟಿಕೆಟ್ ಕೊಳ್ಳುವವರಿಗೂ ಹಾಗೇ ಅನ್ನಿಸಿತ್ತು. ಕೊನೇ ಕಿಟಕಿಯ ಹೆಂಗಸಿಗೆ ಬಲು ಜಂಬ ಎಂದು ದೂರು ಬಂತು, ಮತ್ತೊಂದೂ ಬಂತು. ಇನ್ನೊಂದು ಬಂದರೆ ಹಿಂದಿನ ಗೋದಾಮಿಗೆ ಹಾಕುತ್ತೇನೆಂದರು ಮೇಲಧಿಕಾರಿ. ಗೋದಾಮಿನಲ್ಲಿ ಮಾತಾಡಿಸಲು ಹಳೇ ಟೈರುಗಳಷ್ಟೇ ಇವೆ. ಅತ್ತೆಯವರಿಗೆ ಜನ ಬೇಕು.

"ಕತ್ತು ಹಿಡ್ಕೊಂಡು ಸಾಯ್ತಿದೀನಿ ಕಣಮ್ಮ, ಜಂಬ ಎಲ್ಲಿಂದ ತರ್ಲಿ?" ಎಂದರು. ನನಗೆ ಹೊಸ ಚಿಂತೆ ಹತ್ತಿತು.

ಆ ವಾರ ಮಗುವಿಗೆ ಮೆಳ್ಳೆಗಣ್ಣಿರಬಹುದೆಂದು ಕಣ್ಣಿನ ಡಾಕ್ಟರ ಬಳಿ ಹೋದೆ. ಇರಲಿಲ್ಲ. ಹೋದ ಸಲವೂ ಇರಲಿಲ್ಲ. ಬಂದದ್ದು ದಂಡವಾಗಬಾರದೆಂದು ಅತ್ತೆಯವರ ಕತ್ತಿನ ವಿಷಯ ತೆಗೆದೆ. ಮೇಲೆ ದೂರದ್ದು, ಕೆಳಗೆ ಹತ್ತಿರದ್ದು ಕಾಣುವ ಕನ್ನಡಕವನ್ನು ಅವರಿಗೆ ಬರೆದುಕೊಟ್ಟವರೂ ಈ ಡಾಕ್ಟರೇ.

"ಅವರ ಕಂಪ್ಯೂಟರ್ ಎಷ್ಟು ಎತ್ತರದಲ್ಲಿದೆ?"

"ಈಚೆಗೆ ಏರಿಸಿದಾರೆ ಡಾಕ್ಟ್ರೇ. ಕುರ್ಚಿ ಮೇಜು ಸರಿಮಾಡೋ ತಜ್ಞರು ಬಂದಿದ್ರು. ಬಗ್ಗಿ ಕೂರಬಾರದಂತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಾನು ಕನ್ನಡಕದ ಕೆಳಗಿಂದ ಓದಿ ಅಂದೆ, ಅವರು ಕಂಪ್ಯೂಟರ್ ಮೇಲಕ್ಕಿಟ್ರು. ಮಧ್ಯೆ ಪಾಪ ಆ ಕತ್ತು! ಆ ತಜ್ಞರ ನಂಬರ್ ಕೊಡಿ."

ಒಂದು ದಿನ ಊಟದ ಬಿಡುವಿನಲ್ಲಿ ಡಾಕ್ಟರು, ತಜ್ಞರು ಇಬ್ಬರೂ ಕೌಂಟರಿಗೆ ಬಂದರು. ಯಾರೂ ಕರೆಯದಿದ್ದರೂ ಮಗುವನ್ನೆತ್ತಿಕೊಂಡು ನಾನೂ ಹೋದೆ.

"ಕಂಪ್ಯೂಟರ್ ಪರದೆ ಕಣ್ಣಿನ ಮಟ್ಟಕ್ಕಿರಬೇಕು, ಅದೇ ನಿಯಮ," ಎಂದರು ತಜ್ಞರು.

"ಇರ್ಲಿ. ಮೇಡಂ, ಸೀಟ್ ನಂಬರ್ ಓದಿ," ಎಂದರು ಡಾಕ್ಟರು.

ಅತ್ತೆಯವರ ಗದ್ದ ಏರಿತು. ತಜ್ಞರು ಪಕ್ಕಕ್ಕೆ ಬಂದು ಅದನ್ನೇ ನೋಡಿದರು. ಆಮೇಲೆ ತಾವೇ ಪರದೆಯಡಿ ಇರಿಸಿದ್ದ ಮರದ ಪೆಟ್ಟಿಗೆಯನ್ನು ಎಳೆದು ತೆಗೆದರು. ಕಿಟಕಿಯ ಬಿಸಿಲು ಬೀಳದಂತೆ ಪರದೆಯನ್ನು ತಿರುಗಿಸಿದರು. ಅವರೊಂದು ತುದಿ, ಡಾಕ್ಟರು ಇನ್ನೊಂದು ತುದಿ ಹಿಡಿದು, ಅತ್ತೆಯವರ ಮೂಗಿನಿಂದ ಪರದೆಯವರೆಗೆ ಟೇಪಿನಲ್ಲಿ ಅಳೆದರು. ಆ ಅಳತೆಗೆ, ಕೌಂಟರಿಗೆಂದೇ ಬೇರೆ ಕನ್ನಡಕ ಬರೆದಾಯಿತು.

"ಇದನ್ನ ಮೊದ್ಲೇ ಮಾತಾಡ್ಕೊಂಡಿದ್ರೆ ನಾನು ಜಂಬಗಾತಿ ಆಗ್ತಿರ್ಲಿಲ್ಲ," ಎಂದರು ಅತ್ತೆಯವರು. ಇಬ್ಬರೂ ಟೇಪು ಸುತ್ತುವುದರಲ್ಲಿ ಮಗ್ನರಾದರು.

ಹೊಸ ಕನ್ನಡಕ ಬಂದ ಮೇಲೆ ಗದ್ದ ಇಳಿಯಿತು. ಮೂರನೇ ದೂರು ಬರಲೇ ಇಲ್ಲ. ಕಿಟಕಿ ಅವರಿಗೇ ಉಳಿಯಿತೆಂದು ಮೇಲಧಿಕಾರಿ ಹೇಳಿದ ಸಂಜೆ, ಅತ್ತೆಯವರು ಮನೆಗೆ ಬಂದು ಕನ್ನಡಕ ಕಳಚಿ ಮೇಜಿನ ಮೇಲಿಟ್ಟರು. ನಾನು ಮಗುವಿಗೆ ಎರಡನೇ ಸ್ವೆಟರ್ ಹಾಕುತ್ತಿದ್ದೆ.

ಅವರ ಗದ್ದ ನಿಧಾನವಾಗಿ ಮೇಲಕ್ಕೇರಿತು.